ಮಸ್ಕಿಯ ಬೆಂಡಿನ ವಿಮಾನಗಳು

ಸಿಟ್ಟು ಬಾರದ ಭಾನುವಾರ ಅಂತ ಒಂದಿದ್ದರೆ ಅದು ನನಗೆ ಜ್ವರ ಬಂದು ಮಲಗಿದ ಭಾನುವಾರವೇ ಇರಬೇಕು. ಉಳಿದ ಭಾನುವಾರಗಳಲ್ಲಿ ಯಾರಾದರೊಬ್ಬರು ಏನಾದರೊಂದು ಅಂದೇ ಅನ್ನುತ್ತಿದ್ದರು, ನನಗೆ ನೆತ್ತಿ ಉರಿದೇ ಉರಿಯುತ್ತಿತ್ತು.

ಸೋಮವಾರದಿಂದ ಶನಿವಾರದ ತನಕ ನಾನು ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಭಾನುವಾರ ಯುದ್ಧವಿಮಾನ ಮಾಡುತ್ತಿದ್ದೆ. ಗೇಣುದ್ದದ ವಿಮಾನ. ಆದರೆ ರೆಕ್ಕೆಯ ಓರೆ, ಬಾಲದ ಎತ್ತರ, ಚಕ್ರದ ಬಾಗಿಲು ಎಲ್ಲ ಖರೆ ವಿಮಾನದ ಅಳತೆಗೆ ಸರಿಯಾಗಿ, ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ. ಅದನ್ನು ಆಟದ ಸಾಮಾನು ಎಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಶುರುವಾದದ್ದು ಅರವತ್ತೈದರ ಯುದ್ಧದ ಹೊತ್ತಿಗೆ. ಪತ್ರಿಕೆಯಲ್ಲಿ ನ್ಯಾಟ್ ಎಂಬ ಪುಟ್ಟ ವಿಮಾನದ ಚಿತ್ರ ಬಂದಿತ್ತು. ಅಷ್ಟು ಚಿಕ್ಕದು ಪಾಕಿಸ್ತಾನದ ಅಷ್ಟು ದೊಡ್ಡ ವಿಮಾನವನ್ನು ಹೊಡೆದು ಹಾಕಿತಂತೆ! ನನಗೆ ಅದು ಬಹಳ ಹಿಡಿಸಿತು. ಚಿತ್ರ ಕತ್ತರಿಸಿ ಹೊಲಿಗೆ ಕೋಣೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಶಾಲೆಯ ಬೋರ್ಡು ಬರೆಯಲು ಮಸ್ಕಿಯಿಂದ ಬಂದಿದ್ದ ಪೇಂಟರ್ ಅದನ್ನು ನೋಡಿ, "ಟೀಚರ್, ಸಿಂಧನೂರಾಗ ಕಾಲುವಿ ಕಚೇರಿಯೊಳಗ ನಕ್ಷೆ ಬರೆಯೋ ಟ್ರೇಸರ್ ಸಾಹೇಬ್ರು ಅದಾರ, ಅವರಿಗೂ ಇದ ಹುಚ್ಚು" ಅಂದ. ಹುಚ್ಚು ಎಂದದ್ದಕ್ಕೆ ಆಗಲೇ ಸಿಟ್ಟು ಬಂದಿತ್ತು, ನುಂಗಿಕೊಂಡೆ.

ಹೀಗೆ ಮೂವರಾದೆವು. ನಕ್ಷೆ ಟ್ರೇಸರ್ ಅವರದು, ಕೆತ್ತನೆ ನನ್ನದು, ಬಣ್ಣ ಪೇಂಟರನದು. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ ಇತ್ತಾದ್ದರಿಂದ ಪೇಂಟರನ ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ. ಪೇಂಟರನ ಹೆಂಡತಿ ಮನೆಯಲ್ಲೇ ಇರುತ್ತಾಳೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಮ್ಮವ್ವ ನನ್ನನ್ನು ಬಸ್ ಹತ್ತಿಸಿದ್ದು.

ಯಾರದವ್ವಾ ಮದುವಿ?

ವಿಮಾನಕ್ಕೆ ಹಗುರ ಕಟ್ಟಿಗೆ ಬೇಕು. ಬಡಿಗೇರ ಕೊಟ್ಟ ಬೇವಿನ ತುಂಡು ಕೆತ್ತಿ ಕೆತ್ತಿ ನನ್ನ ಬೆರಳಿಂದ ರಕ್ತ ಬಂತೇ ಹೊರತು ಕಟ್ಟಿಗೆಯಿಂದ ವಿಮಾನ ಬರಲಿಲ್ಲ. ಕೊನೆಗೆ ಹೊಳೆದದ್ದು ಬೆಂಡು. ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗಕ್ಕೆ ಬಳಸುತ್ತಾರಲ್ಲ, ಅದೇ. ಸಂತೆಯ ದಿನ ಬಾಸಿಂಗ ಮಾಡುವ ಮುದುಕನ ಮುಂದೆ ಕೂತು ದಪ್ಪ ದಪ್ಪ ಬೆಂಡು ಆರಿಸತೊಡಗಿದೆ.

"ಯಾರದವ್ವಾ ಮದುವಿ?" ಎಂದ ಮುದುಕ.

"ಯಾರದೂ ಅಲ್ಲ. ನನಗ ಬೇಕು."

ಅಷ್ಟೇ ನಾನಂದದ್ದು. ಮುದುಕ ಮುಖ ಅರಳಿಸಿ, "ನಿನಗಾ! ಚಲೋ ಆತು ಬಿಡವ್ವಾ, ತಡ ಆದ್ರೂ ಆತು" ಎಂದು ಎರಡು ತುಂಡು ಹೆಚ್ಚಿಗೆ ಹಾಕಿ ಕೊಟ್ಟ. ನನಗಾಗ ಇಪ್ಪತ್ತೆಂಟು. 'ತಡ ಆದ್ರೂ' ಎಂಬ ಮಾತು ಕೇಳಿ ಮೈ ಉರಿಯಿತು. ಬೆಂಡು ಬೇಕಾಗಿತ್ತು, ಸುಮ್ಮನೆ ಎದ್ದು ಬಂದೆ.

ಮರುದಿನ ಮುಂಜಾನೆ ಬಾವಿಗೆ ಹೋದ ನಮ್ಮವ್ವ ನೀರು ತರದೆ ಖಾಲಿ ಕೊಡ ಹಿಡಿದು ಓಡಿ ಬಂದಳು. "ಊರಿಗೆಲ್ಲ ಗೊತ್ತೈತಿ, ಹಡೆದಾಕಿಗೆ ಗೊತ್ತಿಲ್ಲ. ಯಾರವ ಅವ? ಯಾವೂರವ?" ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು. ಶಾಲೆಗೆ ಹೋದರೆ ಹೆಡ್‌ಮೇಡಂ, "ನಮಗೊಂದು ಮಾತು ಹೇಳಲಿಲ್ಲಲ್ಲ ನೀವು" ಎಂದು ಮುನಿಸಿಕೊಂಡಿದ್ದರು.

ನನ್ನ ಸಿಟ್ಟು ಕಟ್ಟೆ ಒಡೆಯಿತು. ಚೀಲದೊಳಗಿನ ಬೆಂಡು, ಪತ್ರಿಕೆಯ ಚಿತ್ರ ಎರಡನ್ನೂ ಅವರ ಮೇಜಿನ ಮೇಲೆ ಬಡಿದಿಟ್ಟೆ. "ನೋಡ್ರಿ ಮೇಡಂ, ಬಾಸಿಂಗ ಅಲ್ಲ. ನಾ ಯುದ್ಧವಿಮಾನ ಮಾಡಾಕತ್ತೀನಿ!"

ಮೇಡಂ ಚಿತ್ರ ನೋಡಿದರು, ಬೆಂಡು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅವರ ಮುನಿಸೆಲ್ಲ ಕರಗಿ ಹೋಯಿತು.

"ಹೌದಾ! ಮೊದಲ ಹೇಳಬಾರದೇನು ಮತ್ತ? ಹುಡುಗ ಮಿಲ್ಟ್ರಿಯಾಗ ಅದಾನ?"

ಬಸ್ಸಿನಲ್ಲಿ

ಮೊದಲ ವಿಮಾನದ ಮೈ, ರೆಕ್ಕೆ ಎಲ್ಲ ಜೋಡಿಸಿದ್ದು ನನ್ನ ಮನೆಯಲ್ಲೇ. ಬೆಂಡಿನ ಮೇಲೆ ಹುಣಸೆ ಬೀಜದ ಅಂಟಿನಿಂದ ತೆಳ್ಳನೆಯ ಕಾಗದ ಅಂಟಿಸಿ, ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಮತ್ತೆ ಅಂಟಿಸಿ, ಮತ್ತೆ ಉಜ್ಜಿ, ಎರಡು ತಿಂಗಳ ಕೆಲಸ. ಅದನ್ನು ಸೀರೆಯ ಹಳೆ ತುಂಡಿನಲ್ಲಿ ಸುತ್ತಿ, ಮಸ್ಕಿಗೆ ಒಯ್ಯಲು ಬಸ್ ಹತ್ತಿದೆ.

ಕಂಡಕ್ಟರ್ ನೋಡಿದವನೇ, "ಸಾಮಾನು ಟಾಪ್ ಮ್ಯಾಲೆ ಹಾಕ್ರಿ" ಅಂದ.

"ಸಾಮಾನಲ್ಲ ಇದು."

"ಮತ್ತ ಕೂಸಾ?"

"ಕೂಸಿಗಿಂತ ಹೆಚ್ಚು" ಎಂದೆ. ಅವನು ತಲೆ ಕೊಡವಿಕೊಂಡು ಮುಂದೆ ಹೋದ. ಬಸ್ಸು ಕಿಕ್ಕಿರಿದಿತ್ತು. ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಟಿಕೆಟ್ಟಿಗೆ ಚಿಲ್ಲರೆ ತೆಗೆಯಲು ಸೊಂಟದ ಚೀಲಕ್ಕೆ ಕೈ ಹಾಕಬೇಕಾಗಿ ಬಂದಾಗ, ಒಂದೇ ಒಂದು ಗಳಿಗೆ, ಪಕ್ಕದಾಕೆ ಇಳಿಯಲು ಎದ್ದು ಖಾಲಿಯಾದ ಸೀಟಿನ ಮೇಲೆ ಇಟ್ಟೆ. ಅದೇ ಗಳಿಗೆಗೆ ಡ್ರೈವರ್ ಬ್ರೇಕ್ ಹಾಕಿದ. ಭತ್ತದ ಹೊಲ ಮಾಡಲು ಆಂಧ್ರದಿಂದ ಬಂದು ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿದ್ದ ಒಬ್ಬ ಭಾರಿ ಆಸಾಮಿ ನಿಂತಲ್ಲಿಂದ ಜೋಲಿ ಹೊಡೆದು ಅದರ ಮೇಲೆಯೇ ಕೂತ. 'ಲಟ್' ಎಂದ ಸಪ್ಪಳ ನನ್ನ ಎದೆಯೊಳಗೇ ಆಯಿತು.

ಅವನು "ಏಂದಮ್ಮಾ ಇದಿ!" ಎಂದು ಕೂಗಿ ಹಿಂಭಾಗ ಹಿಡಿದುಕೊಂಡು ಎದ್ದ. ವಿಮಾನದ ಮೂಗು ಚುಚ್ಚಿತ್ತು. ನನ್ನ ರೆಕ್ಕೆ ಎರಡು ತುಂಡಾಗಿತ್ತು, ಅವನು ನನಗೇ ಬೈಯುತ್ತಿದ್ದ! ನಾನೂ ಬಿಡಲಿಲ್ಲ. ಅವನ ತೆಲುಗು ನನಗೆ ಪೂರ್ತಿ ತಿಳಿಯದು, ನನ್ನ ಕನ್ನಡ ಅವನಿಗೆ ಪೂರ್ತಿ ತಿಳಿಯದು. ಆದರೂ ಒಬ್ಬರಿಗೊಬ್ಬರು ಬರೋಬ್ಬರಿ ತಿಳಿಯುವ ಹಾಗೆಯೇ ಬೈದಾಡಿಕೊಂಡೆವು. ಕಂಡಕ್ಟರ್ ಬಂದು ಸೀರೆಯ ತುಂಡು ಸರಿಸಿ ನೋಡಿದ.

"ಏನ್ರೀ ಇದು?"

"ಕಾಣವಲ್ದೇನು? ವಿಮಾನ!"

ಅವನು ಸೀಟಿ ಊದಿ ಬಸ್ಸಿಗೆ ಹೊರಡಲು ಹೇಳಿ, ನನ್ನ ಕಡೆ ತಿರುಗಿದ.

"ಸ್ವಂತ ವಿಮಾನ ಇದ್ದೋರು ಬಸ್ಸಿಗೆ ಯಾಕ ಬರ್ತೀರಿ?"

ಹೊಟ್ಟೆಯ ಪ್ರಶ್ನೆ

ಪತ್ರಿಕೆಯ ಚಿತ್ರದಲ್ಲಿ ವಿಮಾನದ ಎಡಮಗ್ಗುಲು ಮಾತ್ರ ಕಾಣುತ್ತಿತ್ತು. ಕೆಳಗೆ ಹೇಗಿರುತ್ತದೆ? ಚಕ್ರ ಒಳಗೆ ಹೋಗುವುದು ಎಲ್ಲಿಗೆ? ಟ್ರೇಸರ್ ಬಹಳ ಮೆದು ಮನುಷ್ಯ, ಆದರೆ ಪೆನ್ಸಿಲಿನ ವಿಷಯದಲ್ಲಿ ಕಲ್ಲು.

"ಕಾಣದ್ದನ್ನ ನಾ ಬರೆಯೋದಿಲ್ಲರೀ. ಕಾಲುವಿ ನಕ್ಷೆಯೊಳಗ ಹಿಂಗ ಅಂದಾಜಿಗೆ ಬರದ್ರ ನೀರು ಯಾರ ಹೊಲಕ್ಕೋ ಹೋಗತೈತಿ" ಅಂದರು.

"ಹೊಟ್ಟಿ ಯಾರು ನೋಡತಾರ ಬಿಡ್ರಿ" ಅಂದ ಪೇಂಟರ್. "ಒಂದು ಕೋಟ್ ಬಣ್ಣ ಹೊಡದಬಿಡ್ತೀನಿ."

ನಾನು ಇಬ್ಬರ ಮೇಲೂ ಹರಿಹಾಯ್ದೆ. ಟ್ರೇಸರ್ ಅವರನ್ನು ಅಂಜುಬುರುಕ ಎಂದೆ. ಅವರು ನಕ್ಷೆ ಸುತ್ತಿಕೊಂಡು ಸಿಂಧನೂರಿನ ಬಸ್ ಹತ್ತಿದರು. ಎರಡು ಭಾನುವಾರ ಬರಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ದಾರಿ ತೋರಿಸಿದವಳು ಪೇಂಟರನ ಹೆಂಡತಿ. "ನಮ್ಮ ತವರುಮನಿ ಬಳಗಾನೂರಾಗ ಒಬ್ಬರು ಅದಾರ. ವಿಮಾನದ ಮಿಲ್ಟ್ರಿಯಾಗ ಹದಿನೈದು ವರ್ಷ ಇದ್ದು ಬಂದಾರ. ಅವರನ್ನ ಕೇಳ್ರಲ್ಲ" ಅಂದಳು. ಸುದ್ದಿ ಮುಟ್ಟಿದ್ದೇ ಟ್ರೇಸರ್ ತಮ್ಮ ಮುನಿಸು ಮರೆತು, ಪ್ರಶ್ನೆಗಳ ಪಟ್ಟಿ ಬರೆದುಕೊಂಡು ಬಂದರು. ಮೂವರೂ ಬಳಗಾನೂರಿಗೆ ಹೋದೆವು.

ದೊಡ್ಡ ಮೀಸೆಯ ಮನುಷ್ಯ. ನಮಗೆ ಚಹಾ ಕೊಟ್ಟು ಒಂದು ತಾಸು ಯುದ್ಧದ ಮಾತಾಡಿದರು. ಸೈರನ್ ಕೂಗಿದ್ದು, ದೀಪ ಆರಿಸಿದ್ದು, ನೆಲ ನಡುಗಿದ್ದು. ನಮಗೆ ಮೈ ಜುಮ್ಮೆಂದಿತು. ಟ್ರೇಸರ್ ಭಕ್ತಿಯಿಂದ ನಕ್ಷೆ ಬಿಡಿಸಿ, "ಸಾಹೇಬ್ರ, ಇದರ ಹೊಟ್ಟಿ ಹೆಂಗಿರತೈತಿ ಜರಾ ಹೇಳ್ರಿ" ಎಂದು ಪೆನ್ಸಿಲ್ ಹಿಡಿದರು.

ಅವರು ನಕ್ಷೆ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ತಲೆಕೆಳಗೆ ಮಾಡಿದರು. ನನಗೆ ಸಂಶಯ ಬಂತು.

"ಅಲ್ಲಿ ನಿಮ್ಮದು ಏನು ಕೆಲಸ ಇತ್ತರೀ?"

"ಅಡಿಗಿ" ಅಂದರು.

ಪಾಪ, ಟ್ರೇಸರ್ ಅವರ ಪೆನ್ಸಿಲ್ ಹಾಗೇ ನಿಂತಿತು. ನಾನು ಮೂರು ಹರದಾರಿ ಬಸ್ಸಿನಲ್ಲಿ ಕುಲುಕಾಡಿ ಬಂದದ್ದು ಇದಕ್ಕೇ ಏನು ಎಂದು ಕೇಳುವಷ್ಟರಲ್ಲಿ ಮೀಸೆಯವರೇ ನನ್ನನ್ನು ಸಮಾಧಾನ ಮಾಡಿದರು.

"ಸಿಟ್ಟಾಗಬ್ಯಾಡವ್ವಾ. ವಿಮಾನದ ಹೊಟ್ಟಿ ನನಗ ಗೊತ್ತಿಲ್ಲ. ಅದನ್ನ ಹಾರಸೋರ ಹೊಟ್ಟಿ ಕೇಳು, ಒಬ್ಬೊಬ್ಬರದೂ ಹೇಳ್ತೀನಿ."

ಮಲ್ಲಯ್ಯ ಪ್ರಸನ್ನ

ಕಡೆಗೆ ಟ್ರೇಸರ್ ಹೈದರಾಬಾದಿಗೆ ಹೋದಾಗ ಹಳೆ ಪುಸ್ತಕದ ಅಂಗಡಿಯಲ್ಲಿ ವಿಮಾನಗಳದೇ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಹೊಟ್ಟೆ, ಬೆನ್ನು ಎಲ್ಲ ಇತ್ತು ಅದರಲ್ಲಿ. ರೆಕ್ಕೆ ಹೊಸದಾಗಿ ಮಾಡಿದೆ. ಬೆಳ್ಳಿ ಬಣ್ಣದ ಮೂರು ಕೋಟು ಆಯಿತು. ಇನ್ನು ಉಳಿದದ್ದು ರೆಕ್ಕೆಯ ಮೇಲೆ ಮೂರು ಬಣ್ಣದ ಚಕ್ರ, ಬಾಲದ ಮೇಲೆ ಮೂರು ಬಣ್ಣದ ಪಟ್ಟಿ, ಅಷ್ಟೇ. ಪೇಂಟರನಿಗೆ ನೂರು ಸಲ ಹೇಳಿದೆ: "ಅಷ್ಟ ಮಾಡು. ಅದಕ್ಕಿಂತ ಒಂದು ಚುಕ್ಕಿ ಹೆಚ್ಚಿಗಿ ಬ್ಯಾಡ."

"ಆತ್ರೀ ಟೀಚರ್."

ಮುಂದಿನ ಭಾನುವಾರ ಹೋದರೆ ಚಕ್ರ ಬಲು ಚೆಂದ ಬಂದಿತ್ತು. ಪಟ್ಟಿಯೂ ಕೂದಲೆಳೆ ತಪ್ಪಿರಲಿಲ್ಲ. ಖುಷಿಯಿಂದ ಕೈಗೆತ್ತಿಕೊಂಡು ತಿರುಗಿಸಿದೆ. ಮೂಗಿನ ಕೆಳಗೆ ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ. ಬಾಲದ ಹಿಂದೆ, ಬೆಂಕಿ ಬರುವ ಜಾಗದ ಸುತ್ತ, ಕಮಲದ ಎಸಳು. ಹೊಟ್ಟೆಯ ಉದ್ದಕ್ಕೂ, ಅದೇ ಹೊಟ್ಟೆ, ಕೆಂಪು ಅಕ್ಷರದಲ್ಲಿ: 'ಶ್ರೀ ಮಸ್ಕಿ ಮಲ್ಲಯ್ಯ ಪ್ರಸನ್ನ'.

ನಾನು ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರಂತೆ. "ಇದು ಲಾರಿ ಅಂತ ತಿಳದಿಯೇನು? ಯುದ್ಧವಿಮಾನಕ್ಕ ಯಾರರ ದೇವರ ಹೆಸರು ಬರೀತಾರೇನೋ?"

ಪೇಂಟರ್ ಬ್ರಷ್ ಕೆಳಗಿಟ್ಟು, ತಪ್ಪು ಮಾಡಿದವನ ಹಾಗಲ್ಲ, ತಿಳಿಹೇಳುವವನ ಹಾಗೆ ಅಂದ:

"ಟೀಚರ್, ಲಾರಿ ನಡುದಾರ್‍ಯಾಗ ಕೆಟ್ರ ಕೆಳಗಿಳದು ನೂಕಬಹುದು. ಇದು ಮ್ಯಾಲೆ ಹೋಗಿ ಕೆಟ್ರ?"

ಮೀನು ಅಲ್ಲ

ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಸಿಂಧನೂರಿನಲ್ಲಿ ಒಂದು ಪ್ರದರ್ಶನ ಏರ್ಪಾಡಾಯಿತು. ಭತ್ತದ ತಳಿ, ಪಂಪ್‌ಸೆಟ್ಟು, ಕೈಕಸಬು ಎಲ್ಲ ಇತ್ತು. ಅಷ್ಟರೊಳಗೆ ನಮ್ಮಲ್ಲಿ ಐದು ವಿಮಾನಗಳಾಗಿದ್ದವು. ಎಲ್ಲಕ್ಕಿಂತ ಚೆಂದದ ಮೂರನ್ನು ಪೆಟ್ಟಿಗೆಯಲ್ಲಿಟ್ಟು ಒಯ್ದೆವು. ನೋಂದಣಿಯ ಗುಮಾಸ್ತ ಹೆಸರು ಕೇಳಿದ, ಹೇಳಿದೆ. ಉದ್ಯೋಗ ಕೇಳಿದ, ಹೊಲಿಗೆ ಟೀಚರ್ ಎಂದೆ. ಪೆಟ್ಟಿಗೆ ಒಳಗೆ ಹೋಯಿತು.

ಮಧ್ಯಾಹ್ನ ನೋಡಲು ಹೋದರೆ ನಮ್ಮ ವಿಮಾನಗಳು ಮಹಿಳಾ ವಿಭಾಗದಲ್ಲಿ, ಕಸೂತಿಯ ದಿಂಬಿನ ಚೀಲಕ್ಕೂ ಮಣಿಯ ಗಿಳಿಗೂ ನಡುವೆ ನಿಂತಿದ್ದವು. ಮುಂದೆ ಒಂದು ಚೀಟಿ: 'ಬೆಂಡಿನ ಮೀನುಗಳು'.

ಆರು ವರ್ಷ. ಬೆರಳು ಕೊಯ್ದುಕೊಂಡದ್ದು, ಬಸ್ಸಿನಲ್ಲಿ ನಗೆಗೀಡಾದದ್ದು, ಊರಿನವರ ಬಾಯಿಗೆ ಬಿದ್ದದ್ದು ಎಲ್ಲ ಒಮ್ಮೆಲೆ ನೆತ್ತಿಗೇರಿತು. ಗುಮಾಸ್ತನ ಹತ್ತಿರ ಹೋಗಿ, "ಮೀನಿಗೆ ಗಾಲಿ ಇರ್ತಾವೇನ್ರೀ?" ಎಂದು ಕೇಳಿದೆ.

ಅವನು ಬಗ್ಗಿ ನೋಡಿದ. "ಇರೋದಿಲ್ರೀ. ಏನೋ ಹೊಸ ನಮೂನಿ ಮಾಡ್ಯಾರ ಅಂತ ನನಗೂ ಖುಷಿ ಆಗಿತ್ತು."

"ಯಂತ್ರದ ವಿಭಾಗಕ್ಕ ಹಾಕ್ರಿ."

"ಅದು ಗಂಡಸರದು."

ಮೂರೂ ವಿಮಾನ ಸೆರಗಿನಲ್ಲಿ ಹಿಡಿದು ಯಂತ್ರದ ವಿಭಾಗಕ್ಕೆ ಹೋದೆ, ಪಂಪ್‌ಸೆಟ್ಟಿನ ಪಕ್ಕದ ಎಣ್ಣೆ ಡಬ್ಬಿ ಸರಿಸಿದೆ, ಇಟ್ಟೆ. ಚೀಟಿಯ ಬೆನ್ನಿಗೆ ಬರೆದೆ: 'ಯುದ್ಧವಿಮಾನ. ಮೀನು ಅಲ್ಲ.' ಕೆಳಗೆ ಮೂವರ ಹೆಸರು. ಟ್ರೇಸರ್ ಬೆವರುತ್ತಿದ್ದರು. "ಟೀಚರ್, ತಪಾಸಣೆಗೆ ಬರೋರು ನಮ್ಮ ದೊಡ್ಡ ಸಾಹೇಬ್ರ. ನನ್ನ ನೌಕರಿ ಹೋಗತೈತಿ." ಪೇಂಟರ್ ಮಾತ್ರ ತೋಳು ಏರಿಸಿ ವಿಮಾನಗಳ ಮುಂದೆ ಕಾವಲು ನಿಂತ.

ಸಾಹೇಬರು ಬಂದರು. ವಿಮಾನಗಳ ಮುಂದೆ ಬಹಳ ಹೊತ್ತು ನಿಂತರು, ಚೀಟಿ ಓದಿದರು, ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಹೋದರು. ನೌಕರಿ ಹೋದದ್ದೇ ಎಂದು ಟ್ರೇಸರ್ ಕುಸಿದು ಕೂತರು. ಸಂಜೆ ಮೈಕಿನಲ್ಲಿ ಯಂತ್ರದ ವಿಭಾಗದ ಮೊದಲ ಬಹುಮಾನ ಎಂದು ಕೂಗಿದ್ದು ನಮ್ಮ ಹೆಸರು. ಟ್ರೇಸರ್ ಏಳಲಾರೆ ಎಂದರು, ಪೇಂಟರ್ ನನ್ನನ್ನು ಮುಂದೆ ತಳ್ಳಿದ. ವೇದಿಕೆ ಹತ್ತಿದೆ. ಸಾಹೇಬರು ಡಬ್ಬಿ ನನ್ನ ಕೈಗಿಟ್ಟರು. ಮುಚ್ಚಳದ ಮೇಲೆ ಚಿತ್ರವಿತ್ತು: ಗಡ್ಡ ಹೆರೆಯುವ ಸೆಟ್ಟು.

ಗಂಡಸರ ವಿಭಾಗದ ಬಹುಮಾನ ಅಲ್ಲವೇ! ಸಾಹೇಬರಿಗೂ ಆಗಲೇ ಹೊಳೆಯಿತು. ಮೈಕು ನಮ್ಮಿಬ್ಬರ ನಡುವೆಯೇ ಇತ್ತು.

"ಇದು... ನಿಮ್ಮ ಯಜಮಾನರಿಗೆ ಆಗತೈತಿ ಬಿಡ್ರಿ" ಅಂದರು.

"ಯಜಮಾನ್ರು ಇಲ್ಲ."

"ತಂದಿಯವರಿಗೆ?"

"ತೀರಿಕೊಂಡಾರ."

"ಅಣ್ಣತಮ್ಮಂದಿರು?"

"ಒಬ್ಬಾಕಿನ ನಾನು."

ಸಾಹೇಬರು ಡಬ್ಬಿಯ ಕಡೆ ಕೈ ಮಾಡಿದರು. "ಯಾರರ ಒಬ್ಬ ಗಂಡಸರಿಗೆ ಕೊಡ್ರಲ್ಲ ಮತ್ತ!"

ಮೀನು ಎಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. ಆಗಲೇ ನಾನು ಅವರ ಮುಖವನ್ನು ಸರಿಯಾಗಿ ನೋಡಿದ್ದು. ಎರಡು ದಿನದಿಂದ ಜೀಪಿನಲ್ಲಿ ಕಾಲುವೆ ತಿರುಗಿ ಹಾಗೇ ಬಂದಿದ್ದರೆಂದು ಕಾಣುತ್ತದೆ, ಗಲ್ಲದ ಮೇಲೆ ಕುರುಚಲು ಗಡ್ಡ. ಡಬ್ಬಿಯನ್ನು ಅವರ ಕೈಗೇ ತಿರುಗಿ ಇಟ್ಟೆ.

"ಹಂಗಾರ ನೀವ ಇಟ್ಕೋರಿ ಸಾಹೇಬ್ರ. ಇಲ್ಲಿರೋ ಗಂಡಸರೊಳಗ ನಿಮಗ ಜರೂರು ಐತಿ."

ಕೆಳಗೆ ಟ್ರೇಸರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಸಾಹೇಬರ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಒಮ್ಮೆ ಸವರಿಕೊಂಡರು, ಇನ್ನೊಮ್ಮೆ ಸವರಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಗುಮಾಸ್ತನ ಕಡೆ ಬಗ್ಗಿ, ಗುಟ್ಟಾಗಿ ಕೇಳಿದರು. ಮೈಕು ಅದನ್ನು ಮೈದಾನದ ಕಡೇ ಸಾಲಿನ ತನಕ ಮುಟ್ಟಿಸಿತು:

"ಒಳಗ ಬ್ಲೇಡು ಅದಾವೇನ್ರೀ?"