ಜಲಾಂತರ್ಗಾಮಿ ಮತ್ತು ಶೆಟ್ಟೆವ್ವನ ಶಾವಿಗೆ

ಮೂರು ದಿನದಿಂದ ಮೋಡ ಕವಿದು ಶೆಟ್ಟೆವ್ವನ ಶಾವಿಗೆ ಒಣಗಿರಲಿಲ್ಲ. ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದ.

ಪಕ್ಕದ ಮನೆಯ ಸಿದ್ದಾರೂಢ ಸಿಂದಗಿಯಲ್ಲಿ ಕಾಲೇಜು ಮಾಸ್ತರ. ಮನೆಯಲ್ಲಿದ್ದ ಅವನ ಕಂಪ್ಯೂಟರು ಒಂಬತ್ತು ದಿನದಿಂದ ಬಿಡುವಿಲ್ಲದೆ ಒಂದೇ ಲೆಕ್ಕ ಮಾಡುತ್ತಿತ್ತು: ಓಡುವ ಜಲಾಂತರ್ಗಾಮಿಯ ಸುತ್ತ ನೀರು ಹೇಗೆ ಸುಳಿಯೇಳುತ್ತದೆ ಎಂದು. ಇಂದು ಸಂಜೆ ಐದರೊಳಗೆ ಗೈಡಿಗೆ ಉತ್ತರ ಕಳಿಸದಿದ್ದರೆ ಅವನ ಪಿಎಚ್‌ಡಿ ನೀರುಪಾಲು. ನಡುವೆ ಯಂತ್ರ ನಿಂತರೆ ಲೆಕ್ಕ ಮತ್ತೆ ಮೊದಲಿನಿಂದ.

ಬೆಳಿಗ್ಗೆ ಅವನು ಸ್ನಾನ ಮಾಡಿ ಬಂದು ನೋಡಿದರೆ, ಕಂಪ್ಯೂಟರಿನ ಬಿಸಿಗಾಳಿಗೆ ಶಾವಿಗೆಯ ಕೋಲು ಮದುವೆ ಮನೆಯ ತೋರಣದಂತೆ ಜೋತಾಡುತ್ತಿತ್ತು. ಶೆಟ್ಟೆವ್ವ ಪರದೆ ನೋಡುತ್ತ ನಿಂತಿದ್ದಳು. ಭೀಮಾ ದಂಡೆಯಲ್ಲಿ ಬೆಳೆದ ಮುದುಕಿ. ಹರಿಯುವ ನೀರು ಕಂಡರೆ ಕಣ್ಣು ಕೀಳುತ್ತಿರಲಿಲ್ಲ.

"ತಮ್ಮಾ, ಒಂದ್ ಮಾತ ಹೇಳ್ಲೇನು?"

"ಮೊದಲ ಶ್ಯಾವಿಗಿ ತಗೀರಿ ಆಯಿ. ಮಶೀನ ಉಸಿರುಕಟ್ಟಿ ಬಂದ್ ಬೀಳತೈತಿ."

ಶಾವಿಗೆ ತೆಗೆದದ್ದೇ ತಡ, ಕರೆಂಟು ಹೋಯಿತು. ಇನ್ವರ್ಟರಿನ ಜೀವ ಅರ್ಧ ತಾಸು. ಓಣಿಯೇ ಓಡಿಬಂತು. ವೈರ್‌ಮನ್ ನಬಿಲಾಲ ಎದುರಿನ ಹಿಟ್ಟಿನ ಗಿರಣಿಯ ಜನರೇಟರಿನಿಂದ ವೈರು ಎಳೆದ. ಗಿರಣಿ ನಿಂತಿತು, ಜೋಳದ ಡಬ್ಬಿ ಹೊತ್ತ ಹೆಂಗಸರೆಲ್ಲ ಮಾಸ್ತರನ ಪಡಸಾಲೆಯಲ್ಲಿ ಕೂತರು. ಅವರಲ್ಲೊಬ್ಬಳಾದ ಜೋಹರಾಬಿ ಬಾಣಂತಿಗೆ ಬೀಸಿದಂತೆ ಕಂಪ್ಯೂಟರಿಗೆ ಮೊರದಿಂದ ಗಾಳಿ ಬೀಸಿದಳು. ನೀರಿಲ್ಲದ ಊರಲ್ಲಿ ಹಡಗು ಯಾಕೆ ಎಂದು ಒಬ್ಬಳು ಕೇಳಿದರೆ, ಹಡಗಿಗೆ ದೃಷ್ಟಿ ತೆಗೆಯಬೇಕೆಂದು ಇನ್ನೊಬ್ಬಳು ಎದ್ದಳು. ಶೆಟ್ಟೆವ್ವ ಮತ್ತೆ ಬಾಯಿ ತೆರೆದಾಗ ಸಿದ್ದಾರೂಢ ಕೈ ಮುಗಿದ. "ಲೆಕ್ಕ ಮುಗೀಲಿ ಆಯಿ, ಆಮ್ಯಾಲ ಹೇಳ್ರಿ." ಅವನ ಕಣ್ಣು ಪರದೆಯ ಮೂಲೆಯ ಅಂಕಿ ಬಿಟ್ಟು ಕದಲಲಿಲ್ಲ. ತೊಂಬತ್ತಾರು. ತೊಂಬತ್ತೆಂಟು.

ನಾಲ್ಕೂವರೆಗೆ ಕರೆಂಟು ಬಂತು. ಐದಕ್ಕೆ ಹತ್ತು ನಿಮಿಷವಿದ್ದಾಗ ನೂರಾಯಿತು. ಗಿರಣಿಯವನು ಎಲ್ಲರ ಕೈಗೂ ಸಕ್ಕರೆ ಹಾಕಿದ. ಸಿದ್ದಾರೂಢ ಹಿಗ್ಗಿನಿಂದ ತಿರುಗಿದ.

"ಈಗ ಹೇಳ್ರಿ ಆಯಿ."

"ಏನಿಲ್ಲ ತಮ್ಮಾ. ಹಡಗ ಮುಂದ ಹೊಂಟ್ರ ನೀರು ಮೂತಿಗಿ ಬಡೀಬೇಕು. ನಿನ್ನ ಚಿತ್ರದಾಗ ಬಾಲಕ್ಕ ಬಡ್ಯಾಕತ್ತೈತಿ. ಒಂಬತ್ತ ದಿನದಿಂದ ಹಿಂದ ಹಿಂದ ಹೊಂಟೈತಲ್ಲೋ."

ಸಿದ್ದಾರೂಢ ಅಂದು ಮೊದಲ ಸಲ ಅಂಕಿ ಬಿಟ್ಟು ಚಿತ್ರ ನೋಡಿದ. ಬಾಯಲ್ಲಿದ್ದ ಸಕ್ಕರೆ ಉಪ್ಪಾಯಿತು.

ಗೈಡಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ. ಅವರು ಇನ್ನೊಂಬತ್ತು ದಿನ ಕೊಟ್ಟರು; ಆದರೆ ಲೆಕ್ಕ ಶುರುಮಾಡುವ ಮೊದಲು ಆ ಮುದುಕಿಗೆ ಚಿತ್ರ ತೋರಿಸಬೇಕು ಎಂದರು.

ಸಿದ್ದಾರೂಢ ನೀರಿನ ದಿಕ್ಕು ತಿರುಗಿಸಿದ. ಶೆಟ್ಟೆವ್ವ ನೋಡಿ ಸೈ ಎಂದು ತಲೆಯಾಡಿಸಿದ ಮೇಲೆ ಅವನು ಗುಂಡಿ ಒತ್ತಿದ. ಮೂಲೆಯಲ್ಲಿ ಸೊನ್ನೆ ಮೂಡಿತು. ಹಿಂದಿನಿಂದ ಬಿಸಿಗಾಳಿ ಹೊರಟಿತು.

ಬಾಗಿಲಲ್ಲಿ ಜೋಹರಾಬಿ ಹಸಿ ಸಂಡಿಗೆಯ ಅಗಲ ಪರಾತ ಹಿಡಿದು ನಿಂತಿದ್ದಳು.

"ಈ ಸಲ ಒಂದ್ ಮೊಳ ದೂರ ಇಡ್ತೇವ್ರಿ, ಮಾಸ್ತರ."