ಹೆಣ್ಣು ನೋಡಲು ಹೋದ ಲ್ಯಾಪ್‌ಟಾಪ್

ದೊಡ್ಡ ದೊಡ್ಡ ಕಂಪನಿಗಳ ಯಜಮಾನರನ್ನು ಎದುರಿಗೆ ಕೂರಿಸಿಕೊಂಡು, ಮುಂದಿನ ಹತ್ತು ವರ್ಷದಲ್ಲಿ ನಿಮ್ಮ ಗತಿ ಹೀಗಾಗುತ್ತದೆ ಎಂದು ತೋರಿಸಿ ತಲೆಯಾಡಿಸುವಂತೆ ಮಾಡಿದವನು ನಾನು. ಅಂಥವನಿಗೆ ಮುಳಬಾಗಿಲಿನ ಒಂದು ಮನೆಯಲ್ಲಿ ಕೂತು ನನ್ನ ಕೆಲಸ ಇಂಥದ್ದು ಎಂದು ಹೇಳುವುದು ಯಾವ ಮಹಾ ವಿಷಯ! ಹೀಗೆಂದುಕೊಂಡೇ ಆ ಭಾನುವಾರ ಮಾಲೂರಿನಿಂದ ಹೆಣ್ಣು ನೋಡಲು ಹೊರಟೆ. ಜೊತೆಗೆ ಅಮ್ಮ, ಸೋದರಮಾವ ವೆಂಕಟೇಶಪ್ಪ ಮತ್ತು ನನ್ನ ಲ್ಯಾಪ್‌ಟಾಪ್.

ನನ್ನ ಹುದ್ದೆಯ ಹೆಸರು ಸ್ಟ್ರಾಟೆಜಿಕ್ ಫೈನಾನ್ಸ್ ಕನ್ಸಲ್ಟೆಂಟ್. ಮಾಡುವುದಿಷ್ಟೆ. ಒಂದು ಕಂಪನಿಯ ಆದಾಯ, ಖರ್ಚುಗಳನ್ನೆಲ್ಲ ಸಾಫ್ಟ್‌ವೇರಿಗೆ ತುಂಬಿ, ಒಳ್ಳೆಯ ಕಾಲ ಬಂದರೆ ಏನಾಗುತ್ತದೆ, ಕೆಟ್ಟ ಕಾಲ ಬಂದರೆ ಏನಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು. ಆದರೆ ಈ ಹೆಸರೇ ನನ್ನ ಮದುವೆಗೆ ಶನಿಯಾಗಿ ಕೂತಿತ್ತು. ಹಿಂದೆ ನೋಡಿದ ಒಂದು ಮನೆಯವರು "ಬ್ಯಾಂಕಾ?" ಎಂದರು. ಅಲ್ಲ ಎಂದೆ. "ಹಂಗಾರೆ ಸಾಫ್ಟ್‌ವೇರಾ?" ಎಂದರು. ಪೂರ್ತಿ ಅಲ್ಲ ಎಂದೆ. ಆಮೇಲೆ ಅವರ ಫೋನೇ ಬರಲಿಲ್ಲ. ನನಗೆ ಮೂವತ್ತೈದು ದಾಟಿತ್ತು. ಅಮ್ಮ ದೇವರಿಗೆ ಹರಕೆ ಹೊರುವುದನ್ನು ಬಿಟ್ಟು ಈಗ ದೇವರ ಜೊತೆ ಜಗಳಕ್ಕೆ ನಿಂತಿದ್ದಳು.

ಈ ಸಲ ಮಾತ್ರ ನನಗೇ ಆಸೆ ಹುಟ್ಟಿತ್ತು. ಹುಡುಗಿ ಅರುಣಾ, ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಜಾತಕ ಚೆನ್ನಾಗಿ ಕೂಡಿದೆ ಎಂದು ಎರಡೂ ಕಡೆಯವರು ಒಪ್ಪಿದ ಮೇಲೆ ನಾವು ಫೋನಿನಲ್ಲಿ ಮಾತಾಡಿದ್ದೆವು. ನನ್ನ ಜೋಕಿಗೆ ಅವಳು ನಕ್ಕಿದ್ದಳು. ನನ್ನ ಜೋಕಿಗೆ ನಕ್ಕವರನ್ನು ನಾನು ಅಷ್ಟಾಗಿ ಕಂಡವನಲ್ಲ. ಈ ಹುಡುಗಿ ಕೈತಪ್ಪಬಾರದು ಎಂದು ನಿಶ್ಚಯಿಸಿ, ಆಫೀಸಿಗೆ ಹೋಗುವ ರೈಲಿನಲ್ಲಿ ಕೂತು ನಮ್ಮಿಬ್ಬರ ಮುಂದಿನ ಸಂಸಾರದ್ದೇ ಒಂದು ಲೆಕ್ಕವನ್ನು, ಅವರ ಮನೆಯವರಿಗೆಲ್ಲ ತಿಳಿಯಲೆಂದು ಕನ್ನಡದಲ್ಲೇ ತಯಾರಿಸಿದೆ. ಅದನ್ನು ತೋರಿಸಿದರೆ ಕೆಲಸವೂ ಅರ್ಥವಾಗುತ್ತದೆ, ಹುಡುಗ ಜವಾಬ್ದಾರಿಯವನು ಎಂದೂ ಗೊತ್ತಾಗುತ್ತದೆ!

"ಲೇ ಮಂಜ, ಅದ್ಯಾಕೋ ಲ್ಯಾಪ್‌ಟಾಪು? ಹೆಣ್ಣು ನೋಡಕ್ಕೆ ಹೋಗ್ತಿದೀವಿ ಕಣೋ, ಆಫೀಸಿಗಲ್ಲ" ಎಂದಳು ಅಮ್ಮ.

"ಇರ್ಲಿ ಬಿಡಕ್ಕಾ, ಓದಿರೋ ಹುಡ್ಗ" ಎಂದರು ಮಾವ. ಆ ಮಾತಿಗೆ ಅವರು ಈಗಲೂ ಪಶ್ಚಾತ್ತಾಪ ಪಡುತ್ತಿದ್ದಾರೆ.

ಬೋಂಡ, ಕೇಸರಿಬಾತ್ ಬಂದವು. ಅರುಣಾ ಕಾಫಿ ತಂದುಕೊಟ್ಟು ತನ್ನ ಅಜ್ಜಿಯ ಪಕ್ಕ ಕೂತಳು. ಅವಳ ಅಪ್ಪ ಮುನಿರಾಜಪ್ಪನವರು ಗಂಟಲು ಸರಿಮಾಡಿಕೊಂಡು, "ತಮ್ಮ ಕೆಲ್ಸ ಏನೂ ಅಂತ ಸರಿಯಾಗಿ ತಿಳೀಲಿಲ್ಲ ನಮ್ಗೆ" ಎಂದರು. ನಾನು ಕಾಯುತ್ತಿದ್ದುದೇ ಅದಕ್ಕೆ! ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟೆ. ಅಮ್ಮ ನನ್ನತ್ತ ಕಣ್ಣು ಬಿಟ್ಟಿದ್ದನ್ನು ನೋಡಿಯೂ ನೋಡದವನಂತೆ ಇದ್ದೆ.

"ಇದು ನಮ್ಮಿಬ್ಬರ ಸಂಸಾರ" ಎಂದು ಗೆರೆಯೊಂದನ್ನು ತೋರಿಸಿದೆ.

"ಪರವಾಗಿಲ್ವೇ, ಮೇಲಕ್ಕೇ ಹೋಗ್ತೈತೆ!" ಎಂದರು ಮುನಿರಾಜಪ್ಪ. ಅರುಣಾಳ ಮುಖದಲ್ಲೂ ಸಣ್ಣ ನಗು ಮೂಡಿತು. ಅಲ್ಲಿಗೇ ಮುಚ್ಚಿ ಎದ್ದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಲಗ್ನಪತ್ರಿಕೆ ಅಚ್ಚಾಗಿರುತ್ತಿತ್ತು.

"ಈ ಕೆಂಪು ಗುಂಡಿ ಏನಪ್ಪಾ?" ಎಂದು ಪರದೆಯ ಮೂಲೆಗೆ ಬೆರಳು ತೋರಿಸಿ ಕೇಳಿದರು ಅಜ್ಜಿ.

"ಅದು ಕೆಟ್ಟ ಕಾಲ ಅಜ್ಜಿ."

ವೃತ್ತಿಧರ್ಮವೆಂಬುದೊಂದಿದೆ. ಒತ್ತಿದೆ. ಗೆರೆ ದಬಕ್ಕನೆ ಕೆಳಗೆ ಬಿತ್ತು.

"ಅಯ್ಯೋ, ಯಾಕಪ್ಪಾ ಬಿತ್ತು?"

"ಉದಾಹರಣೆಗೆ, ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ ಅಂತ ಇಟ್ಕೊಳ್ಳಿ…"

ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು.

ಹಲ್ಲಿ ನುಡಿದರೆ ಆಡಿದ ಮಾತು ನಿಜವಾಗುತ್ತದೆಂದು ಆ ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಮ್ಮ "ಕೃಷ್ಣ ಕೃಷ್ಣ" ಎನ್ನುತ್ತಾ ನೆಲ ಕುಟ್ಟತೊಡಗಿದಳು. ಅಜ್ಜಿಗೆ ಗಾಬರಿಯಾದರೆ ಮಾತು ತೆಲುಗಿಗೆ ತಿರುಗುತ್ತದೆ. "ಶುಭಮಾ ಅನಿ ಕೂರ್ಚುಂಟೆ ಏಂ ಮಾಟಲಪ್ಪಾ ಇವಿ!" ಎಂದರು. ಶುಭಕಾರ್ಯಕ್ಕೆ ಕೂತಾಗ ಇವೆಂಥ ಮಾತು ಎಂದು ಅವರು ಬೈದದ್ದು ನ್ಯಾಯವಾಗಿಯೇ ಇತ್ತು.

ಸುಮ್ಮನಿರಬೇಕಾಗಿತ್ತು. ಆದರೆ ಸಲಹೆ ಕೊಡುವುದು ನನ್ನ ಹೊಟ್ಟೆಪಾಡು! "ಗಾಬರಿ ಬೇಡ ಅಜ್ಜಿ, ಇನ್ಶೂರೆನ್ಸ್ ಬರುತ್ತೆ. ನೋಡಿ, ಗೆರೆ ಮತ್ತೆ ಏರುತ್ತೆ" ಎಂದೆ. ನಿಜವಾಗಿಯೂ ಏರಿತು. ನಾನು ಸತ್ತ ಮೇಲೆ ಆ ಸಂಸಾರ ಮೊದಲಿಗಿಂತ ಚೆನ್ನಾಗಿತ್ತು.

ಮಾವ ಬೋಂಡವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದುಹೋದರು. ಆಗ ಅರುಣಾ ಮೊದಲ ಸಲ ಬಾಯಿಬಿಟ್ಟಳು.

"ಇದರಲ್ಲಿ ನಾನೆಲ್ಲಿದೀನಿ?"

ಬದುಕಿಕೊಂಡೆ ಎಂದುಕೊಂಡು ಪರದೆಯನ್ನು ಸರಸರ ಕೆಳಗೆ ಇಳಿಸಿದೆ. ಅವಳು ಖರ್ಚಿನ ಭಾಗದಲ್ಲಿದ್ದಳು. ಮೇಲೆ ಗ್ಯಾಸ್ ಸಿಲಿಂಡರ್, ಕೆಳಗೆ ಸ್ಕೂಟರ್ ರಿಪೇರಿ, ನಡುವೆ ಹೆಂಡತಿ.

"ನಂಗೂ ಸಂಬಳ ಬರುತ್ತಲ್ವಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಸೇರಿಸ್ತೀನಿ, ಒಂದೇ ನಿಮಿಷ!" ಎಂದು ಅವಸರದಲ್ಲಿ ಅವಳನ್ನು ಆದಾಯದ ಕಡೆಗೆ ಎಳೆದು ಹಾಕಿದೆ. ಎಲ್ಲಿ ಏನು ತಪ್ಪಿತೋ, ಲೆಕ್ಕವೆಲ್ಲ ಕೆಟ್ಟು ಪರದೆಯ ತುಂಬ 'ದೋಷ, ದೋಷ' ಎಂದೇ ತೋರಿಸತೊಡಗಿತು. ಅದನ್ನು ಅಜ್ಜಿ ಓದಿದರು. ಅರುಣಾ "ಕಾಫಿ ಆರೋಗ್ತಿದೆ, ತಗೊಳ್ಳಿ" ಎಂದು ಎದ್ದು ಒಳಗೆ ಹೋದಳು. ನಾವು ಹೊರಡುವ ತನಕ ಹೊರಗೆ ಬರಲಿಲ್ಲ.

ಕಾರು ಕೋಲಾರ ದಾಟಿದ ಮೇಲೆ ಅಮ್ಮ, "ಬದುಕಿರೋನು ತನ್ನ ಸಾವನ್ನ ತಾನೇ ಹೊತ್ಕೊಂಡು ಹೋಗಿ ತೋರಿಸ್ತಾನೇನೋ?" ಎಂದು ಕಣ್ಣೊರೆಸಿಕೊಂಡಳು. ಎರಡು ದಿನ ಬಿಟ್ಟು ಅವರ ಮನೆಯಿಂದ ಮಾವನಿಗೆ ಫೋನ್ ಬಂತು. ಜಾತಕ ಕೂಡಲಿಲ್ಲವಂತೆ.

ತಪ್ಪಾಯಿತು ಎಂದು ಅರುಣಾಳಿಗೆ ಮೆಸೇಜ್ ಕಳಿಸಿದೆ. "ಪರವಾಗಿಲ್ಲ ಸರ್" ಎಂದು ಉತ್ತರ ಬಂತು. ಅಷ್ಟು ದಿನ ಅವಳು ನನ್ನನ್ನು ಮಂಜು ಅವರೇ ಎನ್ನುತ್ತಿದ್ದಳು. ಆ 'ಸರ್' ಓದಿ ನನಗೆ ಅಳುವೇ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಂದು ಸಂಜೆ ಆ ಲೆಕ್ಕವನ್ನು ತೆರೆದು ಅವಳಿದ್ದ ಸಾಲನ್ನು ಅಳಿಸಿದೆ. ದೋಷಗಳೆಲ್ಲ ಒಟ್ಟಿಗೇ ಮಾಯವಾದವು. ಉಳಿತಾಯ ನೆಗೆಯಿತು. ಕೆಂಪು ಗುಂಡಿ ಒತ್ತಿದರೂ ಗೆರೆ ಕೆಳಗೆ ಬೀಳಲಿಲ್ಲ. ಇಷ್ಟು ಭದ್ರವಾದ ಸಂಸಾರವನ್ನು ನನ್ನ ವೃತ್ತಿಯಲ್ಲೇ ನಾನು ಕಂಡಿಲ್ಲ. ಸಂಸಾರ ಮಾಡುವವರು ಮಾತ್ರ ಇಲ್ಲ!