ಹಳೆಯ ಹೆಸರಿನ ವೈಫೈ ಬಲೆ

ಪಾಠ ಹೇಳುವವನಿಗೆ ತಾನು ಹೇಳಿದ್ದನ್ನೆಲ್ಲ ಮನೆಯಲ್ಲೂ ಮಾಡಿ ನೋಡುವ ಚಪಲ ಬರಬಾರದು. ಯಳಂದೂರಿನ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ವೈಫೈಗೆ ನುಗ್ಗುವ ಕಳ್ಳರನ್ನು ಹಿಡಿಯಲು ಸುಳ್ಳು ವೈಫೈ ಒಂದನ್ನು ಇಡುವ ಉಪಾಯವನ್ನು ವರ್ಷಾ ವರ್ಷ ಬೋಧಿಸುತ್ತೇನೆ. ನಮ್ಮ ಲೊಕ್ಕನಹಳ್ಳಿ ಹೊಲದಲ್ಲಿ ಅಪ್ಪ ತನ್ನ ಹರಕು ಅಂಗಿಯನ್ನು ಕೋಲಿಗೆ ತೊಡಿಸಿ ಕಾಡುಹಂದಿಗಳನ್ನು ನಂಬಿಸಲು ನೋಡುತ್ತಿದ್ದನಲ್ಲ, ಹಾಗೆ. ಹಂದಿಗಳು ನಂಬಿದ್ದನ್ನು ಮಾತ್ರ ನಾನು ಕಂಡಿಲ್ಲ.

ಹೆಂಡತಿ ಶಾಂತಾ ತೀರಿಕೊಂಡು ಮೂರು ವಾರವಾಗಿತ್ತು. ಕೊಳ್ಳೇಗಾಲದ ಮನೆಯಲ್ಲಿ ಒಬ್ಬನೇ ಕೂತರೆ ಅಳುವೂ ಬರುತ್ತಿರಲಿಲ್ಲ. ಸುಮ್ಮನೆ ರೂಟರಿಗೆ ಸೇರಿದ ಫೋನುಗಳ ಪಟ್ಟಿ ತೆಗೆದು ನೋಡಿದೆ. ಗುರುತಿಲ್ಲದ ಫೋನೊಂದು ದಿನವೂ ಮಧ್ಯಾಹ್ನ ಬಂದು ಹೋಗುತ್ತಿದೆ! ದುಃಖಕ್ಕಿಂತ ಸಿಟ್ಟು ಸಲೀಸು ನೋಡಿ. ನಮ್ಮ ವೈಫೈಗೆ ಹೊಸ ಹೆಸರಿಟ್ಟೆ. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಎರಡನ್ನೂ ಇನ್ನೊಂದು ರೂಟರಿಗೆ ಕೊಟ್ಟು ಬಲೆ ಮಾಡಿದೆ. ಅದು ಬಂದ ಫೋನನ್ನು ಒಳಗೆ ಬಿಟ್ಟುಕೊಂಡು ಹೆಸರು ಬರೆದುಕೊಳ್ಳುತ್ತದೆ, ಇಂಟರ್ನೆಟ್ಟಿಗೆ ಕರೆದೊಯ್ಯುವುದಿಲ್ಲ.

ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಮಗ್ಗದ ಸದ್ದು ಊಟಕ್ಕೆಂದು ನಿಂತಿತು. ಬಲೆಗೆ ಫೋನು ಬಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿ ರೇಷ್ಮೆ ಸೀರೆ ನೇಯುವ ರಾಜಮ್ಮ ಫೋನ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಸಾ, ನಿಮ್ಮ ವೈಫೈ ಕೆಟ್ಟೋಗದಾ? ಮೆಸೇಜು ಓಯ್ತಾನೇ ಇಲ್ಲ."

ಕಳ್ಳಿಯೇ ಬಂದು ದೂರು ಕೊಡುವ ಸಂದರ್ಭ ನನ್ನ ಪಠ್ಯದಲ್ಲಿರಲಿಲ್ಲ. "ಪಾಸ್‌ವರ್ಡ್ ಯಾರು ಕೊಟ್ಟರು ನಿನಗೆ?" ಎಂದು ಗದರಿದೆ.

"ಶಾಂತಕ್ಕನೇ ಕಣ್ರಿ ಕೊಟ್ಟಿದ್ದು. ಮಗ್ಗದಿಂದ ಎದ್ದೇಟ್ಗೆ ಅಕ್ಕಂಗೆ 'ಉಂಡ್ರಾ' ಅಂತ ಕಳಿಸ್ತಿದ್ದೆ. ಈಗ್ಲೂ ಕಳಿಸ್ತೀನಿ ಸಾ. ಓದೋರಿಲ್ಲ ಅಂತ ಗೊತ್ತು. ಕೈ ಕೇಳಕ್ಕಿಲ್ಲ."

ಅವಳು ಹೋದಮೇಲೆ ಬೀರುವಿನಲ್ಲಿದ್ದ ಶಾಂತಾಳ ಫೋನನ್ನು ಚಾರ್ಜಿಗೆ ಹಾಕಿ ಆನ್ ಮಾಡಿದೆ. ಅದು ಹಳೆಯ ಹೆಸರನ್ನು ನಂಬಿ ನೆಟ್ಟಗೆ ನನ್ನ ಬಲೆಗೇ ಬಂದು ಬಿತ್ತು. ಕಳ್ಳರ ಪಟ್ಟಿಯಲ್ಲಿ ರಾಜಮ್ಮನ ಕೆಳಗೆ ನನ್ನ ಹೆಂಡತಿಯ ಹೆಸರು. ಆಗ ಅಳು ಬಂತು.

ಬಲೆ ಕಿತ್ತೆಸೆದು ಹಳೆಯ ಹೆಸರನ್ನು ನಿಜವಾದ ವೈಫೈಗೆ ಮರಳಿ ಕೊಟ್ಟೆ. ಶಾಂತಾಳ ಫೋನಿಗೆ ರಾಜಮ್ಮನ ಮೂರು ವಾರದ ಸಂದೇಶಗಳು ಒಂದರ ಹಿಂದೊಂದು ಬಂದವು: ಉಂಡ್ರಾ ಅಕ್ಕ, ಉಂಡ್ರಾ ಅಕ್ಕ. ತಡೆಯಲಾಗದೆ ಅದರಲ್ಲೇ ನನ್ನ ಹೆಸರನ್ನೂ ಒತ್ತಿ ನೋಡಿದೆ. ವರ್ಷಗಟ್ಟಲೆ ನಾನು ಶಾಂತಾಳಿಗೆ ಕಳಿಸಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಮಾತು: ಬರುವುದು ತಡ, ಊಟ ಎತ್ತಿಡು. ನೀನು ಉಂಡೆಯಾ ಎಂದು ಕೇಳಿದ್ದು ಒಂದೂ ಇರಲಿಲ್ಲ.